ಹೆರಿಗೆಯ ಆಸ್ಪತ್ರೆ: ಪ್ರತಿಷ್ಠೆಯ ಆಯ್ಕೆಯೋ, ಪ್ರಾಣರಕ್ಷೆಯ ಆಯ್ಕೆಯೋ?

ಪಂಚಕಲ್ಯಾಣ ಮಹೋತ್ಸವದ ಮೊದಲ ಎರಡು ಕಲ್ಯಾಣಗಳು ತಾಯಿಯೊಬ್ಬಳಿಗೆ ಸಲ್ಲುವ ಗೌರವವೇ ಆಗಿವೆ. ಗರ್ಭಕಲ್ಯಾಣದಂದು ಆಕೆಯ ಹದಿನಾರು ಸ್ವಪ್ನಗಳನ್ನು ಭಕ್ತಿಯಿಂದ ವರ್ಣಿಸಲಾಗುತ್ತದೆ. ಶ್ರೀ, ಹ್ರೀ, ಧೃತಿ ಮೊದಲಾದ ದೇವಿಯರೂ ದಿಕ್ಕುಮಾರಿಯರೂ ಆಕೆಯ ಸೇವೆಗೆ ನಿಲ್ಲುತ್ತಾರೆ. ಒಬ್ಬಳು ಕನ್ನಡಿ ಹಿಡಿದರೆ ಮತ್ತೊಬ್ಬಳು ಚಾಮರ ಬೀಸುತ್ತಾಳೆ. ಜನ್ಮಕಲ್ಯಾಣದಂದು ತೊಟ್ಟಿಲು ತೂಗಿ ಊರೆಲ್ಲ ಸಂಭ್ರಮಿಸುತ್ತದೆ. ತೀರ್ಥಂಕರರ ಮಾತಾಪಿತೃಗಳಾಗಿ ವೇದಿಕೆಯ ಮೇಲೆ ಕುಳಿತುಕೊಳ್ಳುವ ಭಾಗ್ಯಕ್ಕಾಗಿ ಸವಾಲು ಕೂಗಲಾಗುತ್ತದೆ. ಅನುಕೂಲಸ್ಥ ಶ್ರಾವಕರು ನಾ ಮುಂದು ತಾ ಮುಂದು ಎಂದು ಏರಿಸುತ್ತಾರೆ. ಗರ್ಭವತಿಯನ್ನು ಪೂಜಾವಿಧಿಯ ನಡುವೆಯೇ ನಿಲ್ಲಿಸಿ ಇಷ್ಟೊಂದು ಮನ್ನಣೆ ಕೊಟ್ಟ ಸಮಾಜಗಳು ವಿರಳವೆಂದೇ ಹೇಳಬೇಕು.

ಆದರೆ ಅದೇ ಸಮಾಜದ ಮನೆಯಲ್ಲಿ ಮಗಳು ಬಸುರಿಯಾದಾಗ ಆಕೆಯ ಹೆರಿಗೆ ಎಲ್ಲಿ ಆಗಬೇಕೆಂಬ ನಿರ್ಣಯ ಹೇಗೆ ನಡೆಯುತ್ತದೆ? ಅಲ್ಲಿಯೂ ಒಂದು ಬಗೆಯ ಸವಾಲೇ ನಡೆಯುತ್ತದೆ. ಹಿರಿಯ ಮಗಳಿಗೆ ಇಂಥ ನರ್ಸಿಂಗ್ ಹೋಮ್ ಆಗಿತ್ತು, ಕಿರಿಯವಳಿಗೆ ಅದಕ್ಕಿಂತ ಕಡಿಮೆ ಆಗಬಾರದು. ಬೀಗರು ಕೂಸನ್ನು ನೋಡಲು ಬಂದಾಗ ಪ್ರತ್ಯೇಕ ಕೋಣೆ ಇರಬೇಕು. ಸರಕಾರಿ ದವಾಖಾನೆಗೆ ಸೇರಿಸಿದರೆ ನೆಂಟರ ಬಾಯಿ ಸುಮ್ಮನಿರುವುದಿಲ್ಲ. ಆ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ವೈದ್ಯರು ಇರುತ್ತಾರೆಯೇ, ರಕ್ತ ಬೇಕಾದರೆ ಎಲ್ಲಿಂದ ಬರುತ್ತದೆ, ಅರಿವಳಿಕೆ ಕೊಡುವವರು ಯಾರು ಎಂಬ ಪ್ರಶ್ನೆಗಳು ಆ ಮಾತುಕತೆಯಲ್ಲಿ ಏಳುವುದು ಅಪರೂಪ. ಹೆರುವವಳ ಅಭಿಪ್ರಾಯವನ್ನು ಕೇಳುವುದು ಇನ್ನೂ ಅಪರೂಪ.

ಇದು ಸಂಸಾರದ ವಿಚಾರ, ಧರ್ಮಚಿಂತನೆಯ ಪುಟಗಳಿಗೆ ಇದೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಎರಡು ಜೀವಗಳು ಅಳಿವು ಉಳಿವಿನ ಅಂಚಿನಲ್ಲಿ ನಿಲ್ಲುವ ಗಳಿಗೆಯೇ ಅಹಿಂಸಾಧರ್ಮದ ವಿಚಾರವಲ್ಲವೆಂದಾದರೆ, ನೀರು ಸೋಸಿ ಕುಡಿಯುವುದು ಮಾತ್ರ ಹೇಗೆ ಧರ್ಮವಾದೀತು?

ನಾಲ್ಕು ತಾಲ್ಲೂಕುಗಳು, ನಾಲ್ಕು ದಿಕ್ಕುಗಳು

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ತಾಲ್ಲೂಕುಗಳಲ್ಲಿ ಜೈನ ಮನೆತನಗಳು ಚದುರಿದಂತೆ ನೆಲೆಸಿವೆ. ಬೇಸಾಯದ ಮನೆಗಳಿವೆ, ಪೇಟೆಯ ಅಂಗಡಿಯ ಮನೆಗಳಿವೆ. ಹೆರಿಗೆಯ ಪ್ರಶ್ನೆ ಬಂದಾಗ ಈ ನಾಲ್ಕೂ ತಾಲ್ಲೂಕುಗಳು ನಾಲ್ಕು ದಿಕ್ಕಿಗೆ ಮುಖ ಮಾಡುತ್ತವೆ. ಶಿಗ್ಗಾಂವಿಯು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದ್ದು ಅದರ ದೃಷ್ಟಿಯೆಲ್ಲ ಹುಬ್ಬಳ್ಳಿಯ ಕಡೆಗೆ. ಹೆದ್ದಾರಿಯಿಂದ ಒಳಗಿರುವ ಸವಣೂರಿನವರು ಹಾವೇರಿಯೋ ಹುಬ್ಬಳ್ಳಿಯೋ ಎಂದು ತೂಗಿ ನೋಡುತ್ತಾರೆ. ಮಲೆನಾಡಿನ ಸೆರಗಿನ ಹಾನಗಲ್ಲಿಗೆ ಹಾವೇರಿ ಹತ್ತಿರ, ಹುಬ್ಬಳ್ಳಿ ಸುಮಾರು 80 ಕಿಲೋಮೀಟರು. ಪಶ್ಚಿಮದ ಹಳ್ಳಿಗಳವರಿಗೆ ಶಿರಸಿಯೂ ಉಂಟು. ಜಿಲ್ಲೆಯ ದಕ್ಷಿಣದ ಮೂಲೆಯಲ್ಲಿರುವ ಹಿರೇಕೆರೂರಿನವರು ರಾಣೆಬೆನ್ನೂರು, ದಾವಣಗೆರೆ, ಶಿವಮೊಗ್ಗಗಳತ್ತ ನೋಡುತ್ತಾರೆ.

ಪ್ರತಿಯೊಂದು ತಾಲ್ಲೂಕು ಕೇಂದ್ರದಲ್ಲಿಯೂ ಸರಕಾರಿ ಆಸ್ಪತ್ರೆಯಿದೆ. ಜೊತೆಗೆ ಖಾಸಗಿ ನರ್ಸಿಂಗ್ ಹೋಮುಗಳಿವೆ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯಿದ್ದು, 2022–23ರ ಶೈಕ್ಷಣಿಕ ವರ್ಷದಿಂದ ಸರಕಾರಿ ವೈದ್ಯಕೀಯ ಕಾಲೇಜೂ ನಡೆಯುತ್ತಿದೆ. ಹುಬ್ಬಳ್ಳಿಯಲ್ಲಿ 1957ರಿಂದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಜನರ ಬಾಯಲ್ಲಿ ಅದು ಇಂದಿಗೂ ಕಿಮ್ಸ್. ಧಾರವಾಡದ ಸತ್ತೂರಿನಲ್ಲಿ 2003ರಿಂದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಕಾಲೇಜು ಇದೆ. ಆದ್ದರಿಂದ ಆಸ್ಪತ್ರೆಗಳೇ ಇಲ್ಲ ಎಂಬ ಹಳೆಯ ದೂರು ಈಗ ನಿಲ್ಲುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಗಳಲ್ಲಿಯೇ ಆಗಿವೆ. 2001–03ರಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. ಆಸ್ಪತ್ರೆಗೆ ಹೋಗಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಯಾವ ಆಸ್ಪತ್ರೆಗೆ, ಯಾವಾಗ, ಯಾರ ವಿವೇಚನೆಯಿಂದ ಎಂಬುದು ಈಗ ಉಳಿದಿರುವ ಪ್ರಶ್ನೆ.

ಇದಕ್ಕೆ ತವರಿನ ಪದ್ಧತಿಯೊಂದು ತೊಡಕನ್ನು ಸೇರಿಸುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಈ ನಾಡಿನ ಒಳ್ಳೆಯ ಸಂಪ್ರದಾಯ. ಬಸುರಿಗೆ ತಾಯಿಯ ಕೈಯ ಆರೈಕೆ ದೊರೆಯಲಿ ಎಂಬುದೇ ಅದರ ಆಶಯ. ಆದರೆ ಆರು ತಿಂಗಳು ಗಂಡನ ಊರಿನ ವೈದ್ಯರು ನೋಡಿದ ಹೆಣ್ಣುಮಗಳು ಕುಬುಸದ ನಂತರ ಬೇರೆ ತಾಲ್ಲೂಕಿಗೆ ಬರುತ್ತಾಳೆ. ಸೀರೆ, ಬಳೆ, ಬುತ್ತಿ ಎಲ್ಲವೂ ಜೊತೆಗೆ ಬರುತ್ತವೆ; ತಾಯಿ ಕಾರ್ಡು ಗಂಡನ ಮನೆಯ ಕಪಾಟಿನಲ್ಲಿ ಉಳಿಯುತ್ತದೆ. ರಕ್ತದ ಗುಂಪು ಯಾವುದು, ಹಿಮೋಗ್ಲೋಬಿನ್ ಎಷ್ಟಿತ್ತು, ರಕ್ತದೊತ್ತಡ ಯಾವ ತಿಂಗಳಲ್ಲಿ ಏರಿತು ಎಂಬುದು ಹೊಸ ವೈದ್ಯರಿಗೆ ತಿಳಿಯದು. ಖರ್ಚೆಲ್ಲ ತವರಿನದಾದ್ದರಿಂದ ಆಯ್ಕೆಯೂ ತವರಿನ ಮಾನಾಪಮಾನದ ಪ್ರಶ್ನೆಯಾಗಿ ಬಿಡುತ್ತದೆ.

ಒಂದು ರಾತ್ರಿಯ ದಾರಿ

ಹಾನಗಲ್ಲ ತಾಲ್ಲೂಕಿನ ಒಂದು ಹಳ್ಳಿಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಇದು ಯಾವ ಮನೆಯ ಕಥೆಯೂ ಅಲ್ಲ. ಆದರೆ ಇಂಥದನ್ನು ಕೇಳದ ಊರಿಲ್ಲ. ರಾತ್ರಿ ಹನ್ನೊಂದಕ್ಕೆ ಬೇನೆ ಏಳುತ್ತದೆ. ಎಲ್ಲರೂ ಮೆಚ್ಚಿದ ನರ್ಸಿಂಗ್ ಹೋಮಿಗೆ ಕಾರು ಹೊರಡುತ್ತದೆ. ವೈದ್ಯರು ಪರಸ್ಥಳಕ್ಕೆ ಹೋಗಿದ್ದಾರೆ. ದಾದಿ ಬೆಳಗಿನವರೆಗೆ ಕಾಯಿರಿ ಎನ್ನುತ್ತಾಳೆ. ಮೂರು ಗಂಟೆಗೆ ಕೂಸು ಹುಟ್ಟುತ್ತದೆ, ಮನೆಯವರು ಸಕ್ಕರೆ ಹಂಚುತ್ತಾರೆ. ಮಾಸು ಬಿದ್ದ ಮೇಲೂ ರಕ್ತಸ್ರಾವ ನಿಲ್ಲುವುದಿಲ್ಲ. ‘ಮುಂದಕ್ಕೆ ಒಯ್ಯಿರಿ’ ಎಂಬ ಮಾತು ಬರುತ್ತದೆ. ಎರಡನೆಯ ಆಸ್ಪತ್ರೆಯಲ್ಲಿ ರಕ್ತವಿಲ್ಲ. ಅಲ್ಲಿಂದ ಮೂರನೆಯದಕ್ಕೆ. ಹುಬ್ಬಳ್ಳಿಯ ದೀಪಗಳು ಕಾಣುವ ಹೊತ್ತಿಗೆ ಗಂಟೆಗಳೇ ಕಳೆದಿರುತ್ತವೆ.

ಹೆರಿಗೆಯ ನಂತರದ ತೀವ್ರ ರಕ್ತಸ್ರಾವವು ಆರೋಗ್ಯವಂತ ತಾಯಿಯನ್ನೂ ಎರಡು ಗಂಟೆಗಳೊಳಗೆ ಬಲಿ ತೆಗೆದುಕೊಳ್ಳಬಲ್ಲುದು. ತಾಯಂದಿರ ಮರಣಗಳ ಹಿಂದೆ ಮೂರು ವಿಳಂಬಗಳಿರುತ್ತವೆಂದು ಸೆರೀನ್ ಥಡೇಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ವಿವರಿಸಿದರು. ನಿರ್ಧಾರ ಮಾಡುವಲ್ಲಿ ವಿಳಂಬ, ಆಸ್ಪತ್ರೆ ತಲುಪುವಲ್ಲಿ ವಿಳಂಬ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ದೊರೆಯುವಲ್ಲಿ ವಿಳಂಬ. ಮೇಲಿನ ರಾತ್ರಿಯಲ್ಲಿ ರಸ್ತೆಯ ಮೇಲೆ ಕಳೆದ ಹೊತ್ತು ಎದ್ದು ಕಾಣುತ್ತದೆ. ಆದರೆ ಅದರ ಬೇರು ಮೊದಲ ನಿರ್ಧಾರದಲ್ಲಿಯೇ ಇದೆ. ತಿಂಗಳುಗಳ ಮೊದಲೇ, ಬೆಳಗಿನ ಬೆಳಕಿನಲ್ಲಿ, ಕುಳಿತು ಯೋಚಿಸಬಹುದಾಗಿದ್ದ ಆಯ್ಕೆಯನ್ನು ಹೆಸರು ಕೇಳಿ, ಕಟ್ಟಡ ನೋಡಿ ಮಾಡಿದ್ದೇ ಮೊದಲ ತಪ್ಪು.

ಜೈನ ನೀತಿಶಾಸ್ತ್ರದಲ್ಲಿ ಈ ತಪ್ಪಿಗೆ ಒಂದು ಹೆಸರಿದೆ: ಪ್ರಮಾದ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಮೂಲದಲ್ಲಿ ಪ್ರಮಾದವನ್ನೇ ಇಟ್ಟಿದ್ದಾರೆ. ಕೊಲ್ಲಬೇಕೆಂಬ ಸಂಕಲ್ಪವಿಲ್ಲದಿದ್ದರೂ, ಎಚ್ಚರವಿಲ್ಲದೆ ನಡೆದುಕೊಂಡವನು ದೋಷದಿಂದ ಮುಕ್ತನಲ್ಲ. ಹಾಗೆಯೇ ಎಚ್ಚರದಿಂದ, ಕರುಣೆಯಿಂದ ಕತ್ತಿ ಹಿಡಿದು ತಾಯಿಯ ಒಡಲನ್ನು ಸೀಳಿ ಕೂಸನ್ನು ಉಳಿಸುವ ವೈದ್ಯೆ ಹಿಂಸಕಳಲ್ಲ. ಇರುವೆ ಕಾಲಿಗೆ ಸಿಕ್ಕೀತೆಂದು ನೆಲ ನೋಡಿ ನಡೆಯುವ ಮನೆತನ, ಸೊಸೆಯ ಹೆರಿಗೆಯ ವಿಷಯದಲ್ಲಿ ಕಣ್ಣು ಮುಚ್ಚಿ ನಡೆದರೆ ಅದರ ಈರ್ಯಾಸಮಿತಿಗೆ ಏನರ್ಥ?

ಖಾಸಗಿಯೆಂದರೆ ಸುರಕ್ಷಿತವೇ?

ಹಣ ಹೆಚ್ಚು ಕೊಟ್ಟಷ್ಟೂ ಪ್ರಾಣ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ವ್ಯಾಪಾರಸ್ಥ ಮನೆಗಳಲ್ಲಿ ಬೇರೂರಿದೆ. ಅಂಕಿ ಅಂಶಗಳು ಬೇರೆಯದನ್ನೇ ಹೇಳುತ್ತವೆ. 2019–21ರ ಅದೇ ಸಮೀಕ್ಷೆಯಲ್ಲಿ, ದೇಶದ ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡಾ 14.3ರಷ್ಟು ಸಿಸೇರಿಯನ್ ಆಗಿದ್ದರೆ ಖಾಸಗಿಯಲ್ಲಿ ಶೇಕಡಾ 47.4ರಷ್ಟು ಆಗಿವೆ. ಕರ್ನಾಟಕದಲ್ಲಿ ಎರಡನ್ನೂ ಕೂಡಿಸಿದರೆ ಶೇಕಡಾ 31.5. ಒಂದು ಜನಸಮುದಾಯದಲ್ಲಿ ಸಿಸೇರಿಯನ್ ಪ್ರಮಾಣ ಶೇಕಡಾ 10ನ್ನು ದಾಟಿದ ಮೇಲೆ ಆ ಹೆಚ್ಚಳದಿಂದ ತಾಯಿ ಶಿಶುಗಳ ಮರಣ ಕಡಿಮೆಯಾಗುವುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸ್ಪಷ್ಟಪಡಿಸಿತು. ಕಷ್ಟದ ಹೆರಿಗೆಗಳು ಕೆಲವೊಮ್ಮೆ ಖಾಸಗಿಗೆ ಹೋಗುತ್ತವೆಂಬುದು ನಿಜ. ಸರಕಾರಿ ಆಸ್ಪತ್ರೆಗಳಿಂದ ಅಲ್ಲಿಗೆ ಕಳುಹಿಸುವುದೂ ಉಂಟು. ಆದರೆ ಮೂರು ಪಟ್ಟಿಗಿಂತ ಮಿಗಿಲಾದ ಅಂತರವನ್ನು ಅದೊಂದರಿಂದಲೇ ವಿವರಿಸಲಾಗದು. ಒಬ್ಬ ವೈದ್ಯರು ನಡೆಸುವ ಸಣ್ಣ ಆಸ್ಪತ್ರೆಯಲ್ಲಿ ಹನ್ನೆರಡು ತಾಸು ಬೇನೆಯನ್ನು ಕಾಯುವುದಕ್ಕಿಂತ ಒಂದು ತಾಸಿನಲ್ಲಿ ಶಸ್ತ್ರಕ್ರಿಯೆ ಮುಗಿಸುವುದು ಅನುಕೂಲ, ಬಿಲ್ಲೂ ದೊಡ್ಡದು. ಕಾಯುವ ತಾಳ್ಮೆ ಮನೆಯವರಲ್ಲಿಯೂ ಇರುವುದಿಲ್ಲ. ಒಮ್ಮೆ ಕೊಯ್ದ ಗರ್ಭಕೋಶ ಮುಂದಿನ ಬಸಿರಿನಲ್ಲಿ ಬಿರಿಯುವ, ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯವಿದೆ. ಈ ಬೆಲೆಯನ್ನು ತೆರುವವಳು ತಾಯಿ. ಆ ಹೊತ್ತಿಗೆ ಬಿಲ್ಲು ಕಟ್ಟಿದವರು ಅದನ್ನು ಮರೆತಿರುತ್ತಾರೆ.

ಇದಕ್ಕಿಂತ ಖೇದಕರವಾದುದು ಮುಹೂರ್ತದ ಹೆರಿಗೆ. ಪಂಚಾಂಗ ನೋಡಿ, ನಕ್ಷತ್ರ ನಿಶ್ಚಯಿಸಿ, ಇಂಥ ದಿನ ಇಂಥ ಗಳಿಗೆಗೆ ಕೂಸನ್ನು ಹೊರತೆಗೆಯಿರಿ ಎಂದು ವೈದ್ಯರಿಗೆ ಹೇಳುವ ಮನೆಗಳಿವೆ. ಅದಕ್ಕೆ ಒಪ್ಪುವ ವೈದ್ಯರು ಎಲ್ಲಿ ಸಿಗುತ್ತಾರೋ ಅದೇ ‘ಒಳ್ಳೆಯ ಆಸ್ಪತ್ರೆ’ ಆಗುತ್ತದೆ. 39 ವಾರ ತುಂಬುವ ಮೊದಲೇ ಕಾರಣವಿಲ್ಲದೆ ಕೊಯ್ದು ತೆಗೆದ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚೆಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ವೈದ್ಯಶಾಸ್ತ್ರವನ್ನು ಬದಿಗಿಟ್ಟು ಸಿದ್ಧಾಂತದ ಮಾತನ್ನೇ ಆಡಿದರೂ, ಜೀವನು ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ ಎಂಬುದು ಜೈನದರ್ಶನದ ಅಡಿಗಲ್ಲು. ಗಡಿಯಾರದ ಮುಳ್ಳಿಗೆ ಸರಿಯಾಗಿ ಹೊಟ್ಟೆ ಕೊಯ್ಯಿಸಿದರೆ ಮಗುವಿನ ಪುಣ್ಯ ಹೆಚ್ಚುತ್ತದೆಯೆಂದು ನಂಬುವ ಶ್ರಾವಕನು ಪ್ರತಿದಿನ ಕೇಳುವ ಪ್ರವಚನದಿಂದ ಏನನ್ನು ಕಲಿತನು? ಅದು ಮಿಥ್ಯಾತ್ವವೇ ಸರಿ. ತಾಯಿಯ ದೇಹವನ್ನು ಮಿಥ್ಯಾತ್ವಕ್ಕೆ ಬಲಿಗೊಡುವುದು ಎರಡು ಪಟ್ಟು ಪಾಪ.

ಸರಕಾರಿ ಆಸ್ಪತ್ರೆಯ ಮೇಲಿನ ಭಯ

ಹಾಗೆಂದು ಸರಕಾರಿ ಆಸ್ಪತ್ರೆಯನ್ನು ಹೊಗಳಿ ಕುಳಿತರೆ ಅದೂ ಏಕಾಂತವಾದವೇ ಆದೀತು. ಅಲ್ಲಿಂದ ದೂರವಾದ ಮನೆಗಳಿಗೆ ಕಾರಣಗಳಿವೆ. ಹೆರಿಗೆ ಕೋಣೆಯಲ್ಲಿ ಬೈಗುಳ ಕೇಳಿದವರಿದ್ದಾರೆ. ಕೂಸನ್ನು ಕೈಗೆ ಕೊಡಲು ಭಕ್ಷೀಸು ತೆತ್ತವರಿದ್ದಾರೆ. ಇದೇ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸರಕಾರಿ ಆಸ್ಪತ್ರೆಯಲ್ಲಿ 2010ರ ದಶಕದಲ್ಲಿ ನೂರಾರು ಮಹಿಳೆಯರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಯಿತೆಂಬ ಆರೋಪ ಬಂದಿತು. ಅವರಲ್ಲಿ ಬಹುಮಂದಿ ಲಂಬಾಣಿ ತಾಂಡಾಗಳ ಬಡ ಹೆಣ್ಣುಮಕ್ಕಳು. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮರಣ ಹೊಂದಿದಾಗ, ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿ ರಾಜ್ಯ ಸರಕಾರವು ಅದರ ಬಳಕೆಯನ್ನು ತಡೆಹಿಡಿಯಿತು. ಇವನ್ನೆಲ್ಲ ಬಲ್ಲವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಭಯದಿಂದ ಹೊರಬಿದ್ದವರು ಮಾಡಿದ್ದೇನು? ಕಂಠವಿದ್ದವರು, ಅರ್ಜಿ ಬರೆಯಬಲ್ಲವರು, ಶಾಸಕರ ಮನೆಯ ಬಾಗಿಲು ಬಡಿಯಬಲ್ಲವರು ಮೊದಲು ಬಿಟ್ಟುಹೋದರು. ತಾಲ್ಲೂಕು ಆಸ್ಪತ್ರೆಯಲ್ಲಿ ಉಳಿದವರು ಕೂಲಿಯವರು, ತಾಂಡಾದವರು, ಬಾಯಿಲ್ಲದವರು. ಅರಿವಳಿಕೆ ತಜ್ಞರ ಹುದ್ದೆ ಖಾಲಿ ಬಿದ್ದರೂ ಕೇಳುವವರಿಲ್ಲದಂತಾಗುವುದು ಹೀಗೆ. ಆಮೇಲೆ ಅದೇ ಅನುಕೂಲಸ್ಥರ ಮನೆಯಲ್ಲಿ ನಡುರಾತ್ರಿ ಅಪಾಯ ಬಂದಾಗ, ನರ್ಸಿಂಗ್ ಹೋಮು ಕೈಚೆಲ್ಲಿದಾಗ, ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿಯೂ ಸಿದ್ಧತೆ ಇರುವುದಿಲ್ಲ. ಪರರಿಗಾಗಿ ಕೇಳದ ಬಾಗಿಲು ತನಗೂ ತೆರೆಯಲಿಲ್ಲ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವವನ್ನು ಧ್ವಜದ ಕೆಳಗೆ ಬರೆಸುವ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲಾಗಿ, ತಾಯಿಯ ಪ್ರಾಣ ಉಳಿಸುವ ಸಾಧನಗಳು ಅಮೃತಶಿಲೆಯ ನೆಲದಲ್ಲಿಯೂ ಹವಾನಿಯಂತ್ರಿತ ಕೋಣೆಯಲ್ಲಿಯೂ ಇಲ್ಲ. ಇದಕ್ಕೆ ಪುರಾವೆ ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ಅಲ್ಲಿನ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಕೂಡಿ ಹಳ್ಳಿಗಳ 1620 ಹೆರಿಗೆಗಳಲ್ಲಿ ಒಂದು ಅಧ್ಯಯನ ನಡೆಸಿದರು. 2006ರಲ್ಲಿ ಅದರ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಗು ಹುಟ್ಟಿದೊಡನೆ ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯನ್ನು ನುಂಗಿಸಿದಾಗ ಹೆರಿಗೆಯ ನಂತರದ ಅತಿಸ್ರಾವವು ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಸೋರಿದ ರಕ್ತವನ್ನು ಕಣ್ಣಂದಾಜಿನಿಂದ ಅಳೆಯದೆ, ಅಳತೆಗೆರೆಗಳುಳ್ಳ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನೋಡಲಾಗಿತ್ತು. 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ವರದಿಯೂ ಹೀಗೆ ಅಳೆದು, ತಡಮಾಡದೆ ಔಷಧ ಕೊಡುವ ಕ್ರಮವು ಎಷ್ಟು ತಾಯಂದಿರನ್ನು ಕಾಪಾಡಬಲ್ಲುದೆಂದು ತೋರಿಸಿತು. ಗುಳಿಗೆ, ಅಳತೆಯ ಚೀಲ, ಎಚ್ಚರವಾಗಿರುವ ದಾದಿ: ಪ್ರಾಣ ಉಳಿಸಿದ್ದು ಇವು.

ಕೇಳಲೇಬೇಕಾದ ಪ್ರಶ್ನೆಗಳು

ಹಾಗಾದರೆ ಮನೆಯ ಹಿರಿಯರು ಮಾಡಬೇಕಾದುದೇನು? ಸರಕಾರಿಯೋ ಖಾಸಗಿಯೋ ಎಂಬ ಹೆಸರನ್ನು ಬಿಟ್ಟು ಗುಣವನ್ನು ನೋಡಬೇಕು. ವಸ್ತುವನ್ನು ಹಲವು ನಯಗಳಿಂದ ಪರಿಶೀಲಿಸಿ ಮಾತನಾಡು ಎಂದ ಧರ್ಮ, ಆಸ್ಪತ್ರೆಯ ವಿಷಯದಲ್ಲಿ ಒಂದೇ ಕಣ್ಣಿನಿಂದ ನೋಡು ಎಂದು ಹೇಳಿಲ್ಲ. ಏಳನೆಯ ತಿಂಗಳಿನಲ್ಲಿಯೇ, ಹಗಲು ಹೊತ್ತಿನಲ್ಲಿ, ಆಸ್ಪತ್ರೆಗೆ ಹೋಗಿ ಕೆಲವು ಪ್ರಶ್ನೆಗಳನ್ನು ಕೇಳಬೇಕು. ರಾತ್ರಿ ಮತ್ತು ರವಿವಾರ ಪ್ರಸೂತಿ ತಜ್ಞರು ಎಷ್ಟು ನಿಮಿಷದಲ್ಲಿ ಬರುತ್ತಾರೆ? ಅರಿವಳಿಕೆ ತಜ್ಞರು ಊರಿನಲ್ಲಿಯೇ ಇರುತ್ತಾರೆಯೇ, ಹಾವೇರಿಯಿಂದ ಬರಬೇಕೇ? ರಕ್ತ ಸಂಗ್ರಹವಿದೆಯೇ? ಉಸಿರಾಡದ ಶಿಶುವನ್ನು ಚೇತರಿಸುವ ವ್ಯವಸ್ಥೆ, ಮಕ್ಕಳ ವೈದ್ಯರು ಇದ್ದಾರೆಯೇ? ಅಪಾಯವಾದರೆ ಎಲ್ಲಿಗೆ ಕಳುಹಿಸುತ್ತಾರೆ, ಯಾವ ವಾಹನದಲ್ಲಿ? ಹೆರಿಗೆಯ ವೇಳೆ ಒಬ್ಬ ಹೆಣ್ಣುಮಗಳು ಜೊತೆಗಿರಲು ಬಿಡುತ್ತಾರೆಯೇ? ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಜೊತೆಗಾತಿಗೆ ಅವಕಾಶ ಕೊಡಬೇಕೆಂದು ಕೇಂದ್ರ ಸರಕಾರವು 2016ರಲ್ಲಿಯೇ ಸೂಚಿಸಿದೆ. ಖಾಸಗಿ ಆಸ್ಪತ್ರೆಯಾದರೆ ಅಲ್ಲಿ ನೂರಕ್ಕೆ ಎಷ್ಟು ಹೆರಿಗೆಗಳು ಸಿಸೇರಿಯನ್ ಆಗುತ್ತವೆಂದು ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ. ದರಪಟ್ಟಿಯನ್ನು ಪ್ರದರ್ಶಿಸುವುದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನಿನ ಪ್ರಕಾರ ಅವರ ಕರ್ತವ್ಯ. ಬಂಗಾರ ಕೊಳ್ಳುವಾಗ ಒರೆಗೆ ಹಚ್ಚದೆ ತರದ ಮನೆತನಗಳು ಈ ಒರೆಯನ್ನೇಕೆ ಮರೆಯಬೇಕು?

ಬಸುರಿಯ ಸ್ಥಿತಿಯನ್ನು ನೋಡಿ ಸ್ಥಳವನ್ನು ಗೊತ್ತುಮಾಡಬೇಕು. ಎಲ್ಲವೂ ಸುರಳೀತವಾಗಿದ್ದರೆ ಹತ್ತಿರದ, ರಾತ್ರಿಯಲ್ಲಿಯೂ ಸಿದ್ಧವಾಗಿರುವ ಆಸ್ಪತ್ರೆ ಸಾಕು. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ರಕ್ತದೊತ್ತಡ ಏರಿದ್ದರೆ, ಅವಳಿ ಮಕ್ಕಳಿದ್ದರೆ, ಕೂಸು ಅಡ್ಡಲಾಗಿದ್ದರೆ, ಹೃದಯದ ಕಾಯಿಲೆಯೋ ತೀವ್ರ ರಕ್ತಹೀನತೆಯೋ ಇದ್ದರೆ ಬೇನೆ ಬರುವುದನ್ನು ಕಾಯದೆ ಮೊದಲೇ ಹಾವೇರಿ, ಹುಬ್ಬಳ್ಳಿಗಳ ದೊಡ್ಡ ಆಸ್ಪತ್ರೆಯ ಹತ್ತಿರ ಹೋಗಿ ಉಳಿಯಬೇಕು. ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2ರಷ್ಟು ಮಂದಿಗೆ ರಕ್ತಹೀನತೆಯಿದೆಯೆಂದು ಅದೇ ಸಮೀಕ್ಷೆ ಹೇಳಿದೆ. ಉಳ್ಳವರ ಮನೆಯ ಹೆಣ್ಣುಮಕ್ಕಳು ಇದಕ್ಕೆ ಹೊರತಲ್ಲ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಯ ವ್ಯವಸ್ಥೆ ಮಾಡಲಾಗಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಎಲ್ಲವೂ ಉಚಿತ. ಇದು ಭಿಕ್ಷೆಯಲ್ಲ, ಹಕ್ಕು. ಭಕ್ಷೀಸು ಕೇಳಿದವರಿಗೆ ಕೊಟ್ಟು ಸುಮ್ಮನಾಗುವ ಉಳ್ಳವರು, ಕೊಡಲಾರದ ಮುಂದಿನ ಬಡವಿಯ ಮೇಲೆ ಭಾರ ಹೊರಿಸುತ್ತಿದ್ದಾರೆಂಬುದನ್ನು ತಿಳಿಯಬೇಕು.

ಆಹಾರ ವ್ರತಗಳ ವಿಚಾರವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಅಡುಗೆ ಸಿಗುತ್ತದೆಂಬ ಒಂದೇ ಕಾರಣಕ್ಕೆ ಆಸ್ಪತ್ರೆಯನ್ನು ಆರಿಸುವವರಿದ್ದಾರೆ. ಬುತ್ತಿಯನ್ನು ಮನೆಯಿಂದ ತರಬಹುದು, ಅರಿವಳಿಕೆ ತಜ್ಞರನ್ನು ಮನೆಯಿಂದ ತರಲಾಗದು. ವ್ರತವು ಶಕ್ತಿಗೆ ಅನುಸಾರವಾಗಿರಬೇಕೆಂಬುದು ಹಿರಿಯರ ಮಾತು. ಬೇನೆಯಲ್ಲಿರುವವಳಿಗೆ, ರಕ್ತ ಸುರಿದು ಬಳಲಿದ ಬಾಣಂತಿಗೆ ರಾತ್ರಿ ನೀರು, ಔಷಧ, ಗಂಜಿ ಕೊಡಲು ಹಿಂಜರಿಯುವ ಅತ್ತೆ ವ್ರತವನ್ನು ಪಾಲಿಸುತ್ತಿಲ್ಲ. ಬೇರೊಬ್ಬಳ ದೇಹದ ಮೇಲೆ ತನ್ನ ಹಠವನ್ನು ಪಾಲಿಸುತ್ತಿದ್ದಾಳೆ.

ಟ್ರಸ್ಟುಗಳ ಹೊಣೆ

ಇನ್ನು ಬಸದಿಗಳ ಟ್ರಸ್ಟುಗಳ ಮಾತು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಪ್ರತಿ ಪ್ರವಚನದಲ್ಲಿಯೂ ಸ್ಮರಿಸಲಾಗುತ್ತದೆ. ವರ್ಷದ ಲೆಕ್ಕಪತ್ರ ತೆರೆದು ನೋಡಿದರೆ ಶಿಖರ, ಮಾನಸ್ತಂಭ, ಊಟದ ಸಭಾಭವನಗಳ ಸಾಲು ಉದ್ದ. ಔಷಧದಾನದ ಸಾಲು ಒಂದು ಆರೋಗ್ಯ ಶಿಬಿರ, ಅದರ ಫೋಟೋ. ‘ಟ್ರಸ್ಟು ಆರೋಗ್ಯ ಇಲಾಖೆಯಲ್ಲ, ಆಸ್ಪತ್ರೆ ಕಟ್ಟುವ ಶಕ್ತಿ ಎಲ್ಲಿಂದ ಬಂದೀತು?’ ಎಂಬುದು ಪದಾಧಿಕಾರಿಗಳ ಸಿದ್ಧ ಉತ್ತರ. ಆಸ್ಪತ್ರೆ ಕಟ್ಟಿರೆಂದು ಯಾರೂ ಕೇಳುತ್ತಿಲ್ಲ. ಕಟ್ಟಿದ ಆಸ್ಪತ್ರೆಗಳ ಬಾಗಿಲಲ್ಲಿ ಎಚ್ಚರವಾಗಿ ನಿಲ್ಲಿರೆಂದು ಕೇಳಲಾಗುತ್ತಿದೆ.

ಅದಕ್ಕೆ ಬೇಕಾದುದು ಅಲ್ಪ. ಮೊದಲನೆಯದು, ರಕ್ತದಾನಿಗಳ ಪಟ್ಟಿ. ತಾಲ್ಲೂಕಿನ ಯುವಕರ ರಕ್ತದ ಗುಂಪುಗಳನ್ನು ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ಸರದಿಯಂತೆ ಪರವಾನಗಿಯುಳ್ಳ ರಕ್ತಕೇಂದ್ರಕ್ಕೆ ಕಳುಹಿಸಬೇಕು. ಸಂಗ್ರಹಿಸಿದ ರಕ್ತ 35 ದಿನಗಳಷ್ಟೇ ಬಾಳುವುದರಿಂದ ಮಹಾವೀರ ಜಯಂತಿಯ ಒಂದು ದಿನ ನೂರು ಜನ ರಕ್ತ ಕೊಟ್ಟು ಉಳಿದ ಹನ್ನೊಂದು ತಿಂಗಳು ಮಲಗಿದರೆ ಪ್ರಯೋಜನ ಕಡಿಮೆ. ಎರಡನೆಯದು, ವಾಹನ. 2008ರಿಂದ 108 ಆಂಬುಲೆನ್ಸ್ ಸೇವೆಯಿದೆ. ಅದು ಬೇರೆ ಕರೆಗೆ ಹೋಗಿರುವಾಗ ಹೊರಡಲು ಒಂದು ವಾಹನ, ಒಬ್ಬ ಚಾಲಕನನ್ನು ಸದಾ ಸಿದ್ಧವಾಗಿಡಬೇಕು. ಮೂರನೆಯದು, ಪ್ರತಿ ತ್ರೈಮಾಸಿಕದಲ್ಲಿ ಇಬ್ಬರು ಶ್ರಾವಿಕೆಯರೂ ಇಬ್ಬರು ಶ್ರಾವಕರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಯಾವ ಹುದ್ದೆ ಖಾಲಿಯಿದೆ, ರಾತ್ರಿ ಸಿಸೇರಿಯನ್ ಆಗುತ್ತದೆಯೇ ಎಂದು ತಿಳಿದು ಬಸದಿಯ ಫಲಕದ ಮೇಲೆ ಬರೆದು ಹಾಕಬೇಕು; ಖಾಲಿಯಿದ್ದರೆ ಲಿಂಗಾಯತ, ಮುಸ್ಲಿಂ, ಪರಿಶಿಷ್ಟ ಸಮಾಜಗಳ ಹಿರಿಯರೊಡನೆ ಕೂಡಿ ಅರ್ಜಿ ಸಲ್ಲಿಸಬೇಕು. ಈ ಸೇವೆಗಳ ಬಾಗಿಲಲ್ಲಿ ಜಾತಿ ಕೇಳಬಾರದು. ಅಭಯದಾನಕ್ಕೆ ಪಂಗಡವಿಲ್ಲ.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರು ಮುಂದಿನ ಪಂಚಕಲ್ಯಾಣದ ಸವಾಲನ್ನು ನೆನೆಯಲಿ. ತೀರ್ಥಂಕರರ ತಾಯಿಯಾಗುವ ಭಾಗ್ಯಕ್ಕೆ ಬಂದ ಹಣದಲ್ಲಿ ಒಂದು ಪಾಲು ಅದೇ ತಾಲ್ಲೂಕಿನ ತಾಯಂದಿರಿಗೆ ಮೀಸಲೆಂದು ವೇದಿಕೆಯ ಮೇಲೆಯೇ ಸಾರಿದರೆ, ಆ ಕಲ್ಯಾಣ ಹೆಸರಿಗೆ ತಕ್ಕುದಾದೀತು.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಒಂದು ಕಾಲಕ್ಕೆ ಜೈನ ವಿದ್ಯೆಯ ನೆಲೆಯಾಗಿತ್ತು. ಗುಣಭದ್ರರ ಉತ್ತರಪುರಾಣವು 898ರಲ್ಲಿ ಪೂಜೆಗೊಂಡದ್ದು ಅಲ್ಲಿಯೇ. ಗಂಗರ ಎರಡನೆಯ ಮಾರಸಿಂಹನು 974ರ ಸುಮಾರಿಗೆ ರಾಜ್ಯವನ್ನು ತ್ಯಜಿಸಿ, ಆ ಊರಿಗೆ ಬಂದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಎಲ್ಲಿ ಸಾಯಬೇಕು, ಯಾರ ಸನ್ನಿಧಿಯಲ್ಲಿ, ಯಾವ ಮನಃಸ್ಥಿತಿಯಲ್ಲಿ ಎಂಬುದನ್ನು ಪೂರ್ಣ ಎಚ್ಚರದಿಂದ ಆರಿಸಿಕೊಂಡ ಆ ಅರಸನನ್ನು ಈ ನೆಲ ಸಾವಿರ ವರ್ಷಗಳಿಂದ ನೆನೆಯುತ್ತಿದೆ. ಅದೇ ನೆಲದಲ್ಲಿ ಹುಟ್ಟಿನ ಸ್ಥಳವನ್ನು ಮಾತ್ರ ನೆಂಟರ ಮಾತಿಗೂ ಪಂಚಾಂಗದ ಗಳಿಗೆಗೂ ಬಿಟ್ಟುಕೊಡಲಾಗುತ್ತಿದೆ. ಮರಣಕ್ಕೆ ಸಲ್ಲಿಸಿದ ಎಚ್ಚರವನ್ನು ಜನನಕ್ಕೂ ಸಲ್ಲಿಸುವುದು ಆ ಪರಂಪರೆಯ ವಾರಸುದಾರರ ಮೇಲಿರುವ ಋಣ. ಏಳು ತಿಂಗಳ ಬಸುರಿ ಈಗ ಯಾರ ಮನೆಯಲ್ಲಿ ಇದ್ದಾಳೋ ಆ ಮನೆಯವರು ಇಂದೇ ಆಕೆಯ ತಾಯಿ ಕಾರ್ಡನ್ನು ಹುಡುಕಿ ತೆಗೆಯಲಿ, ಆಕೆಯನ್ನೇ ಕೇಳಲಿ, ನಾಳೆ ಹಗಲು ಆಸ್ಪತ್ರೆಗೆ ಹೋಗಿ ಪ್ರಶ್ನಿಸಲಿ.